ಏಳನೆಯ ಸಂಪುಟ

ಈ ನಿಲ್ದಾಣಕ್ಕೆ ಮಾಸ್ತರಿಲ್ಲ.
ಟಿಕೆಟ್ಟಿನ ಕಿಂಡಿಗೆ ಹಲಗೆ ಹೊಡೆದು ಹತ್ತೊಂಬತ್ತು ಚಳಿಗಾಲ.
ಒಂದೇ ಬೋಗಿಯ ಡೀಸೆಲ್ ರೈಲು
ದಿನಕ್ಕೆ ಮೂರು ಸಲ ಬಂದು, ಕೆಮ್ಮಿ, ಹೋಗುತ್ತದೆ.
ಸೋಮವಾರ, ಶುಕ್ರವಾರ ನಾನು ಬರುತ್ತೇನೆ
ಸಲಿಕೆ ಹಿಡಿದು, ಹಿಮ ಎತ್ತಲು,
ಒಲೆಗೆ ಸೀಮೆಎಣ್ಣೆ ಹುಯ್ಯಲು;
ಆಮೇಲೆ, ಸಂಬಳದ ಪಟ್ಟಿಯಲ್ಲಿಲ್ಲದ ಕೆಲಸ:
ಬೆಂಚಿಗೆ ದಾರ ಕಟ್ಟಿ ಬಿಟ್ಟ ನೋಟುಬುಕ್ಕು ಓದಲು.

ಮೊದಲ ಪುಟದಲ್ಲಿ ಯಾರೋ, ಹೆಸರು ಹಾಕದೆ,
ಕುಂಚದಲ್ಲಿ ಬರೆದಿದ್ದಾರೆ:
"ರೈಲು ತಡ. ಅಲ್ಲಿಯವರೆಗೆ ಹೇಳಿ,
ಈಗ ಏನು ಕೇಳುತ್ತಿದ್ದೀರಿ? ಏನು ಓದುತ್ತಿದ್ದೀರಿ?"

ಹಾಲಿನ ಲಾರಿಯ ಕುರೋಸೆ ಬರೆಯುತ್ತಾನೆ,
ಅಕ್ಷರಗಳು ಹಸುಗಳ ಹಾಗೆ ಗೆರೆ ದಾಟಿ ಮೇಯುತ್ತವೆ:
"ಹೆಂಡತಿ ಬಿಟ್ಟುಹೋದ ಎಂಕಾ ಕ್ಯಾಸೆಟ್ಟು. ಟೇಪು ಜಗ್ಗಿ ಜಗ್ಗಿ
ಬಂದರಿನಲ್ಲಿ ಕಾಯುವ ಹೆಂಗಸಿನ ದನಿ
ಎರಡನೇ ಚರಣಕ್ಕೆ ಗಂಡಸಾಗುತ್ತದೆ.
ಈಗ ನನಗೆ ಅದೇ ಇಷ್ಟ.
ಕಾದವಳೂ ಅವಳೇ, ಬಾರದವನೂ ಅವಳೇ.
ಓದು? ಟಯರಿನ ಗ್ಯಾರಂಟಿ ಚೀಟಿ."

ತೋರಾಕೊ ಅಜ್ಜಿ, ಎಂಬತ್ತೊಂದು,
ಹಿಮ ಕರಗಿದಾಗ ಶಮಿಸೆನ್ ಹಿಡಿದವಳು:
"ಮೂರನೇ ತಂತಿ ನನ್ನ ಅಳಿಯನ ಹಾಗೆ,
ಎಷ್ಟು ಬಿಗಿದರೂ ಸಂಜೆಗೆ ಸಡಿಲ.
ಓದುತ್ತಿರುವುದು ಹೈಕು ಮಾಸಪತ್ರಿಕೆ.
ಆಯ್ಕೆಯಾಗದವರ ಹೆಸರು ಅವರು ಹಾಕುವುದಿಲ್ಲ,
ಆದರೂ ಹುಡುಕುತ್ತೇನೆ."

ಬೆಂಚಿನ ಕೆಳಗೆ ಸೇಬಿನ ಪೆಟ್ಟಿಗೆ, ಅದರಲ್ಲಿ ಪುಸ್ತಕಗಳು.
ಒಯ್ಯಿರಿ, ತನ್ನಿರಿ, ಲೆಕ್ಕ ಇಟ್ಟವರಿಲ್ಲ.
ಅಲ್ಲಿದೆ ಒಂದು ಮಾಂಗಾ, ಹನ್ನೊಂದು ಸಂಪುಟ,
ಎದೋ ಕಾಲದ ಕೊಡೆ ಮಾಡುವ ಹುಡುಗಿಯ ಕಥೆ.
ಏಳನೆಯದು ಇಲ್ಲ.
ಆರರ ಕೊನೆಯ ಚೌಕದಲ್ಲಿ ಅವಳು
ಹೊಳೆ ಉಕ್ಕಿದ ಸೇತುವೆಯ ಮೇಲೆ, ಕೊಡೆ ಮುಚ್ಚಿ, ನಿಂತಿದ್ದಾಳೆ.
ಎಂಟರ ಮೊದಲ ಚೌಕದಲ್ಲಿ
ಬೇರೆ ಊರು; ಒಂದು ತೋಳು ಸುಟ್ಟಿದೆ; ನಗುತ್ತಿದ್ದಾಳೆ.

ಹೈಸ್ಕೂಲಿನ ಇಜುಹೊ ನೇರಳೆ ಶಾಯಿಯಲ್ಲಿ ಆಜ್ಞೆ ಹೊರಡಿಸಿದಳು:
"ನಡುವೆ ಏನಾಯಿತು?
ಗೊತ್ತಿದ್ದವರು ಬಾಯಿ ಬಿಡಬೇಡಿ.
ಗೊತ್ತಿಲ್ಲದವರು ಬರೆಯಿರಿ."

ಕುರೋಸೆ ಬರೆದ: ಅವಳು ಹೊಳೆಗೆ ಹಾರಿದಳು,
ತಿರುಗಿಸಿದ ಕೊಡೆ ದೋಣಿಯಾಯಿತು,
ಕಡಲು ಸೇರುವಷ್ಟರಲ್ಲಿ ಹಸಿದಿದ್ದಳು. ಅಷ್ಟೆ, ಅವನಿಗೆ ರೈಲು ಬಂತು.
ಅಜ್ಜಿ ಅಲ್ಲಿಂದ ಎತ್ತಿಕೊಂಡಳು: ಕೊಡೆ ಮಾರಿದಳು,
ಹಾವುಮೀನು ಅನ್ನ ತಿಂದಳು, ಎರಡು ಬಟ್ಟಲು.
ಕೆಂಡದ ಮೇಲೆ ಬಾಗಿ ಇನ್ನೊಂದು ತುಂಡು ಕೇಳಿದಾಗ
ತೋಳಿಗೆ ಬೆಂಕಿ ತಗುಲಿತು.
"ಹೊಟ್ಟೆ ತುಂಬಿದವರೇ ಹಾಗೆ ನಗುವುದು, ಚಿತ್ರ ನೋಡಿ."
ಸೈಕಲ್ಲಿನಲ್ಲಿ ದಾರಿ ತಪ್ಪಿ ಬಂದವನೊಬ್ಬ
ಏನೂ ಬರೆಯದೆ ಮೀನಿನ ಅಂಗಡಿ ಬಿಡಿಸಿಟ್ಟು ಹೋದ,
ಹೊಗೆ ಸಮೇತ.

ಹೋದ ಬುಧವಾರ ಪಟ್ಟಣದ ಹಳೆ ಪುಸ್ತಕದಂಗಡಿಯಲ್ಲಿ
ನನಗೆ ಏಳನೆಯದು ಸಿಕ್ಕಿತು. ನೂರಹತ್ತು ಯೆನ್.
ಗ್ಲೋವ್ಸ್ ಕಚ್ಚಿ ತೆಗೆದು, ನಿಂತಲ್ಲೇ ಓದಿದೆ, ಬಲದಿಂದ ಎಡಕ್ಕೆ.
ಸೇತುವೆಗೆ ಚಿಕ್ಕಪ್ಪ ಬರುತ್ತಾನೆ. ಉಗ್ರಾಣಕ್ಕೆ ಬೆಂಕಿ.
ಚಿಕ್ಕಪ್ಪ ಕಾಪಾಡುತ್ತಾನೆ. ಇಷ್ಟೇ.
ಚಿತ್ರ ಚೆನ್ನಾಗಿದೆ, ಸುಳ್ಳು ಹೇಳಬಾರದು.
ಆದರೆ ಎಲ್ಲೂ ಹಾವುಮೀನಿಲ್ಲ.

ಇವತ್ತು ಶುಕ್ರವಾರ. ಪುಸ್ತಕ ಕೋಟಿನ ಜೇಬಿನಲ್ಲಿದೆ.
ಪೆಟ್ಟಿಗೆಯಲ್ಲಿ ಆರಕ್ಕೂ ಎಂಟಕ್ಕೂ ನಡುವೆ
ಬೆರಳು ತೂರಿಸಿ ನೋಡಿದೆ, ಸರಿಯಾಗಿ ಅಷ್ಟೇ ಜಾಗ.
ಆಗ ಐದು ಗಂಟೆಯಾಯಿತು.
ಪಂಚಾಯಿತಿ ಕಂಬದ ಧ್ವನಿವರ್ಧಕ
ಮಕ್ಕಳನ್ನು ಮನೆಗೆ ಕರೆಯುವ ರಾಗ ಹಾಕಿತು.
ಕರೆಯಲು ಮಕ್ಕಳು ಇಬ್ಬರೋ ಮೂವರೋ.
ಹಿಮ ಕೂತ ಗಂಟಲು; ಗುಡ್ಡ
ಅರ್ಧ ತಾಳ ತಡವಾಗಿ ಅದನ್ನೇ ಹೇಳಿತು,
ಕೊಂಚ ಬೇರೆ ಮಾಡಿ.

ಪೆನ್ಸಿಲ್ಲಿಗೆ ನಾಲಿಗೆ ತಾಗಿಸಿ ಬರೆದೆ:
"ಕೇಳುತ್ತಿರುವುದು: ಐದು ಗಂಟೆ, ಎರಡು ಸಲ.
ಗುಡ್ಡದ್ದು ಹೆಚ್ಚು ಇಷ್ಟ.
ಓದುತ್ತಿರುವುದು: ಏಳನೆಯ ಸಂಪುಟ, ಅಜ್ಜಿಯದು, ಮತ್ತೊಮ್ಮೆ.
ಪಟ್ಟಣದಲ್ಲಿ ಹುಡುಕಿದೆ. ಸಿಕ್ಕಲಿಲ್ಲ."

ರೈಲು ಕೆಮ್ಮುತ್ತ ಬಂತು. ಇಜುಹೊ ಇಳಿದಳು,
ಕಿವಿಯ ತಂತಿ ಬಿಚ್ಚದೆಯೇ ಪುಟ ತಿರುವಿದಳು,
ಓದಿದಳು, ತಲೆಯೆತ್ತಿ
ನನ್ನ ಉಬ್ಬಿದ ಜೇಬು ನೋಡಿದಳು.
"ಬ್ರೆಡ್ಡಾ?"
"ಹ್ಞೂಂ," ಅಂದೆ, "ಆರಿಹೋಗಿದೆ."